ಆಡು ಮುಟ್ಟದ ಸೊಪ್ಪೂ ಇದೆ

ಪಾರ್ಕಿನ ಕಳೆಗೆ ಆಡು ಬಿಡುತ್ತೇನೆ ಅಂದಾಗ ಕಾರವಾರದ ನಮ್ಮ ಬಡಾವಣೆಯಲ್ಲಿ ಎಲ್ಲರೂ ನಕ್ಕರು. "ದಾಸವಾಳ ಒಂದೂ ಉಳಿಯಲ್ಲ ನೋಡಿ" ಅಂದರು ಎದುರು ಮನೆ ಮಾಸ್ತರು. ಈಗ ಸಂಜೆ ಮೊಮ್ಮಗಳನ್ನು ಕರೆದುಕೊಂಡು ಆಡು ನೋಡಲು ಬರುವವರು ಅವರೇ.

ಜಾಗ ಸುಮಾರು 30 ಗುಂಟೆ. ಮಷಿನ್ ಹಾಕಿ ಸವರಿಸಲು ಸಲಕ್ಕೆ ಎಂಟು ಸಾವಿರ, ವರ್ಷಕ್ಕೆ ಮೂರು ಸಲ. ನಮ್ಮ ಮಳೆಗೆ ತಿಂಗಳೊಳಗೆ ಮತ್ತೆ ಮೊಣಕಾಲೆತ್ತರ.

ಮೊದಲ ವರ್ಷ ಹಳಿಯಾಳ ಕಡೆಯಿಂದ ಎಂಟು ಆಡು ತಂದೆ, ಅದೂ ಜೂನ್‌ನಲ್ಲಿ. ಶುದ್ಧ ದಡ್ಡತನ. ಹದಿನೈದು ದಿನಕ್ಕೆ ಗೊರಸು ಕೊಳೆತು ಕುಂಟತೊಡಗಿದವು. ಬೇಲಿಗೆ ಬಂದರಿನ ಹಳೆ ಮೀನುಬಲೆ ಕಟ್ಟಿದ್ದೆ, ಪುಕ್ಕಟೆ ಸಿಕ್ಕಿತ್ತಲ್ವಾ. ಕೊಂಬು ಸಿಕ್ಕಿಸಿಕೊಂಡು ರಾತ್ರಿಯೆಲ್ಲ ಅರಚಾಟ. ಕೊನೆಗೆ ತಂತಿ ಜಾಲರಿಗೆ ಹನ್ನೊಂದು ಸಾವಿರ ಹೋಯ್ತು.

ದೊಡ್ಡ ಪೆಟ್ಟು ಲಂಟಾನದ್ದು, ಆಡಿಗೆ ವಿಷವಾಗುವ ಮುಳ್ಳುಪೊದೆ ಅದು. ಹಸಿದ ಆಡು ಅದನ್ನೂ ಮೇಯುತ್ತದೆ. ಒಂದರ ಕಣ್ಣು ಹಳದಿಯಾಯ್ತು, ಬಿಸಿಲಿಗೆ ಮೂತಿಯ ಚರ್ಮ ಸುಲಿಯಿತು. ನೆರಳಿಗೆ ಕಟ್ಟಿ ಔಷಧಿ ಕೊಡಿಸಿದರೂ ಉಳಿಯಲಿಲ್ಲ. ಏಳು ಸಾವಿರದ ಆಡು. ಇನ್ನು ಯುಪಟೋರಿಯಂ ಅನ್ನುವ ಕಳೆಗಿಡ ಇದೆಯಲ್ಲ, ಅದನ್ನು ಮೂಸಿ ನೋಡಿ ಮುಂದೆ ಹೋಗುತ್ತವೆ. ಆಡು ಮುಟ್ಟದ ಸೊಪ್ಪಿಲ್ಲ ಅಂದವರು ಪಾರ್ಕು ಸವರಿದವರಲ್ಲ.

ಹಾಗಾಗಿ ಕೆಲಸ ಹಂಚಿದೆ. ಲಂಟಾನವನ್ನು ಆಳು ಹಚ್ಚಿ, ಮಣ್ಣಿನೊಳಗೇ ಬೇರು ಕಡಿದು, ಬುಡ ಮೇಲೆ ಮಾಡಿ ಒಣಗಿಸಿದೆ. ಯುಪಟೋರಿಯಂ ಹೂ ಬಿಡುವ ಮೊದಲು, ನವೆಂಬರಿನಲ್ಲಿ ನೆಲ ಹಸಿ ಇರುವಾಗಲೇ ಕಿತ್ತೆ. ಆಮೇಲೆ ಊರಿನದೇ ಆರು ಆಡು. ಸುಬಾಬುಲ್ ಅನ್ನುವ ಮೇವಿನ ಮರದ ಸಸಿ, ನಾಚಿಕೆ ಮುಳ್ಳು, ಹುಲ್ಲು ಅವುಗಳ ಪಾಲು. ಮನೆಯಲ್ಲಿ ಅರೆಹೊಟ್ಟೆ ಮೇವು ಕೊಟ್ಟು, ಇಬ್ಬನಿ ಆರಿದ ಮೇಲೆ ಬಿಡುತ್ತೇನೆ. ಪಾರ್ಕನ್ನು ನಾಲ್ಕು ತುಂಡು ಮಾಡಿದ್ದೇನೆ, ಒಂದೊಂದರಲ್ಲಿ ಐದಾರು ದಿನ. ಯಾವ ತುಂಡು ಮೊದಲು, ಯಾವಾಗ ವಾಪಸ್ ಅನ್ನುವ ಲೆಕ್ಕ ನನ್ನ ಹತ್ತಿರವೇ ಇರಲಿ. ಅದಕ್ಕೆ ಮೂರು ವರ್ಷ ಸುರಿದಿದ್ದೇನೆ. ಮಳೆಗಾಲದಲ್ಲಿ ಮಾತ್ರ ಆಡುಗಳಿಗೆ ರಜೆ.

ನಡುವೆ ಹಿಕ್ಕೆ ವ್ಯಾಪಾರವನ್ನೂ ನೋಡಿದೆ. ಮಲ್ಲಿಗೆ ಕುಂಡಕ್ಕೆಂದು ನಾಲ್ಕು ಮನೆಗೆ ಕೊಟ್ಟೆ. ತಿಂಗಳಿಗೆ ಕುಂಡದಲ್ಲಿ ಮಲ್ಲಿಗೆಗಿಂತ ಸುಬಾಬುಲ್ಲೇ ಜಾಸ್ತಿ! ಹಿಕ್ಕೆಯೊಳಗಿನ ಬೀಜ ಮೊಳೆತಿತ್ತು. ಈಗ ಕಾಯಿ ಬಲಿಯುವ ಮೊದಲೇ ಮೇಯಿಸುತ್ತೇನೆ.

ಈ ವರ್ಷ ಕೈಯಿಂದ ಹೋದದ್ದು ಹತ್ತು ಸಾವಿರದ ಆಸುಪಾಸು. ಎರಡು ಹೋತ ಮಾರಿದ್ದರಿಂದ ಅದೂ ವಾಪಸ್ ಬಂತು. ಮಾವಿನ ಮರದ ಬುಡದಲ್ಲಿ ಮಾತ್ರ ಲಂಟಾನ ಇನ್ನೂ ಏಳುತ್ತಿದೆ. ಪಿಕಳಾರ ಹಕ್ಕಿಗಳು ಹಣ್ಣು ತಿಂದು ಅಲ್ಲೇ ಕೂರುತ್ತವೆ. ಅಲ್ಲಿ ನಾನೇ ಬಗ್ಗಿ ಕೀಳಬೇಕು.