ಹೃದಯ ಶಸ್ತ್ರಚಿಕಿತ್ಸೆಗೆ ಮುನ್ನ: ಪ್ರೋಟಮಿನ್ ಅಲರ್ಜಿಯ ಅಪಾಯವನ್ನು ವೈದ್ಯರ ಗಮನಕ್ಕೆ ತರುವುದು ಹೇಗೆ?

ಬೈಪಾಸ್ ಅಥವಾ ಕವಾಟ ಬದಲಾವಣೆಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತವು ಹೃದಯ-ಶ್ವಾಸಕೋಶ ಯಂತ್ರದ ಕೊಳವೆಗಳಲ್ಲಿ ಹೆಪ್ಪುಗಟ್ಟದಿರಲೆಂದು ಹೆಪಾರಿನ್ ಕೊಡುತ್ತಾರೆ. ಯಂತ್ರದಿಂದ ಹೊರಬಂದ ಮೇಲೆ ರಕ್ತಸ್ರಾವ ನಿಲ್ಲಬೇಕಾದರೆ ಆ ಹೆಪಾರಿನ್‌ನ ಪ್ರಭಾವವನ್ನು ಇಳಿಸಬೇಕು. ಅದಕ್ಕೆ ಬಳಸುವ ಔಷಧವೇ ಪ್ರೋಟಮಿನ್. 1874ರಲ್ಲಿ ಫ್ರೆಡ್ರಿಕ್ ಮೀಷರ್ ಅವರು ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯದಲ್ಲಿ ಗುರುತಿಸಿದ ವಸ್ತು ಇದು. ಬಹುತೇಕ ರೋಗಿಗಳಿಗೆ ಇದರಿಂದ ತೊಂದರೆಯಾಗುವುದಿಲ್ಲ. ಆದರೆ ಹಿಂದೊಮ್ಮೆ ಪ್ರೋಟಮಿನ್ ಕಂಡ ಕೆಲವರ ದೇಹವು ಅದರ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಂಡಿರುತ್ತದೆ. ಅಂಥವರಲ್ಲಿ ಮರುಪ್ರಯೋಗವು ನಿಮಿಷಗಳಲ್ಲೇ ಪ್ರಾಣಾಂತಿಕ ಅಲರ್ಜಿಯಾಗಿ ಪರಿಣಮಿಸಬಹುದು.

ರೋಗಿ ಮತ್ತು ಮನೆಯವರು ಮೊದಲು ನೋಡಬೇಕಾದದ್ದು ಇನ್ಸುಲಿನ್ ಬಾಟಲಿಯನ್ನು. ಅಂಗೈಗಳ ನಡುವೆ ಹೊರಳಿಸಿದ ಮೇಲೆ ಹಾಲಿನಂತೆ ಬೆಳ್ಳಗಾಗುವ ಎನ್‌ಪಿಎಚ್ ಇನ್ಸುಲಿನ್‌ನಲ್ಲೂ, ನಮ್ಮಲ್ಲಿ ಬಹಳ ಬಳಕೆಯಲ್ಲಿರುವ 30/70 ಮಿಶ್ರಣದಲ್ಲೂ ಪ್ರೋಟಮಿನ್ ಇರುತ್ತದೆ. ತಿಳಿನೀರಿನಂತಿರುವ ರೆಗ್ಯುಲರ್ ಅಥವಾ ಗ್ಲಾರ್ಜಿನ್ ಇನ್ಸುಲಿನ್‌ನಲ್ಲಿ ಇರುವುದಿಲ್ಲ. ‘ಸಕ್ಕರೆ ಕಾಯಿಲೆಗೆ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ’ ಎಂದಷ್ಟೇ ಹೇಳಿದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಬಾಟಲಿಯನ್ನೋ ಪೆನ್ನನ್ನೋ ಆಸ್ಪತ್ರೆಗೆ ಒಯ್ಯಿರಿ. ಹಾಗೆಂದು ಭಯಪಟ್ಟು ಇನ್ಸುಲಿನ್ ಅನ್ನು ನೀವಾಗಿಯೇ ನಿಲ್ಲಿಸಬಾರದು.

ಎರಡನೆಯ ಕೆಲಸ ಹಳೆಯ ಕಾಗದಪತ್ರಗಳನ್ನು ಹುಡುಕುವುದು. ಹಿಂದೆ ಹೃದಯದ ಅಥವಾ ರಕ್ತನಾಳದ ಶಸ್ತ್ರಚಿಕಿತ್ಸೆ ನಡೆದಿದ್ದರೆ ಪ್ರೋಟಮಿನ್ ಕೊಟ್ಟಿರುವ ಸಾಧ್ಯತೆ ಹೆಚ್ಚು. ಆಗ ರಕ್ತದೊತ್ತಡ ಕುಸಿದಿತ್ತು, ಮೈಯೆಲ್ಲ ದದ್ದೆದ್ದಿತ್ತು ಎಂಬ ಒಂದು ಸಾಲು ಡಿಸ್ಚಾರ್ಜ್ ಸಮ್ಮರಿಯಲ್ಲಿದ್ದರೂ ಅದಕ್ಕೆ ಅಪಾರ ಬೆಲೆಯಿದೆ. ಮೀನಿನ ಅಲರ್ಜಿ ಮತ್ತು ಪುರುಷರಲ್ಲಿ ವ್ಯಾಸೆಕ್ಟಮಿ (ಸಂತಾನ ನಿಯಂತ್ರಣದ ಶಸ್ತ್ರಚಿಕಿತ್ಸೆ) ಆಗಿರುವುದನ್ನೂ ತಿಳಿಸಬೇಕು. ಮೀನಿನ ಅಲರ್ಜಿಗೆ ಮುಖ್ಯ ಕಾರಣ ಮಾಂಸದಲ್ಲಿರುವ ಬೇರೆಯೇ ಪ್ರೋಟೀನ್ ಆದ್ದರಿಂದ ಆ ನಂಟು ದುರ್ಬಲವಾದದ್ದು. ನನ್ನ ದೃಷ್ಟಿಯಲ್ಲಿ ಇನ್ಸುಲಿನ್ ಮತ್ತು ಹಳೆಯ ಶಸ್ತ್ರಚಿಕಿತ್ಸೆಯ ವಿವರಗಳಿಗೇ ಹೆಚ್ಚು ಒತ್ತು ಸಲ್ಲಬೇಕು.

ಇವನ್ನೆಲ್ಲ ಹೇಳಬೇಕಾದದ್ದು ಶಸ್ತ್ರಚಿಕಿತ್ಸಕರಿಗೆ ಮಾತ್ರವಲ್ಲ, ಮುಖ್ಯವಾಗಿ ಅರಿವಳಿಕೆ ತಜ್ಞರಿಗೆ. ಏಕೆಂದರೆ ಸಾಮಾನ್ಯವಾಗಿ ಪ್ರೋಟಮಿನ್ ಕೊಡುವವರು ಅವರೇ. ಪ್ರೋಟಮಿನ್‌ಗೆ ಸರಿಸಾಟಿಯಾದ ಬದಲಿ ಔಷಧವು ಇಂದಿಗೂ ಸಾಮಾನ್ಯ ಬಳಕೆಗೆ ಬಂದಿಲ್ಲವಾದ್ದರಿಂದ, ಹಿಂದೆ ತೀವ್ರ ಅಲರ್ಜಿಯಾಗಿದ್ದವರಿಗೆ ಹೆಪಾರಿನ್ ಬದಲು, ಪ್ರೋಟಮಿನ್ ಬೇಕಿಲ್ಲದ ಬೈವಾಲಿರುಡಿನ್ ಎಂಬ ಹೆಪ್ಪುರೋಧಕ ಔಷಧ ಬಳಸಬೇಕೇ ಎಂಬಂತಹ ನಿರ್ಧಾರಗಳನ್ನು ಮುಂಚಿತವಾಗಿಯೇ ಮಾಡಬೇಕಾಗುತ್ತದೆ.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಡೆಯುವುದು ಹೀಗೆ. ಪ್ರತಿ 100 ಯೂನಿಟ್ ಹೆಪಾರಿನ್‌ಗೆ ಸುಮಾರು 1 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಪ್ರೋಟಮಿನ್ ಲೆಕ್ಕ ಹಾಕಿ, ಕನಿಷ್ಠ 10 ನಿಮಿಷಗಳಷ್ಟು ಕಾಲ ನಿಧಾನವಾಗಿ ಹರಿಸುತ್ತಾರೆ. ಔಷಧ ಶುರುವಾಯಿತೆಂದು ತಜ್ಞರು ಗಟ್ಟಿಯಾಗಿ ಹೇಳುತ್ತಾರೆ. ಎದೆಗೂಡಿನ ರಕ್ತವನ್ನು ಯಂತ್ರಕ್ಕೆ ಎಳೆಯುವ ಹೀರುಕೊಳವೆಗಳನ್ನು ಪರ್ಫ್ಯೂಷನಿಸ್ಟ್ (ಯಂತ್ರ ನಡೆಸುವ ತಜ್ಞರು) ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಯಂತ್ರದೊಳಗಿನ ರಕ್ತವೂ ಹೆಪ್ಪುಗಟ್ಟೀತು. ವೇಗವಾಗಿ ಕೊಟ್ಟರೆ ಪ್ರತಿಕಾಯಗಳಿಲ್ಲದೆಯೂ ರಕ್ತನಾಳಗಳನ್ನು ಸಡಿಲಿಸುವ ಹಿಸ್ಟಮಿನ್ ಬಿಡುಗಡೆಯಾಗಿ ರಕ್ತದೊತ್ತಡ ಇಳಿಯುತ್ತದೆ. ಅದಕ್ಕಿಂತ ಭೀಕರವಾದದ್ದು, ಹೆಪಾರಿನ್-ಪ್ರೋಟಮಿನ್ ಜೋಡಿಯು ರೋಗನಿರೋಧಕ ವ್ಯವಸ್ಥೆಯ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ಕೆರಳಿಸಿದಾಗ ಥ್ರಾಂಬಾಕ್ಸೇನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡು ಹೃದಯದ ಬಲಭಾಗ ಸೋಲುವ ಸ್ಥಿತಿ. ಆಗ ಪ್ರೋಟಮಿನ್ ನಿಲ್ಲಿಸಿ, ಪೂರ್ಣ ಆಮ್ಲಜನಕ, ಅಡ್ರಿನಲಿನ್ ಮತ್ತು ದ್ರವಗಳನ್ನು ಕೊಡುತ್ತಾರೆ. ಅದಕ್ಕೂ ಮಣಿಯದಿದ್ದರೆ ಮತ್ತೆ ಹೆಪಾರಿನ್ ಕೊಟ್ಟು ರೋಗಿಯನ್ನು ಯಂತ್ರಕ್ಕೆ ಮರುಜೋಡಿಸುತ್ತಾರೆ.

ಇಂತಹ ಪ್ರತಿಕ್ರಿಯೆ ಆಗಿದ್ದರೆ, ಮೊದಲ ಕೆಲವು ಗಂಟೆಗಳಲ್ಲಿ ತೆಗೆದ ರಕ್ತದ ಟ್ರಿಪ್ಟೇಸ್ (ತೀವ್ರ ಅಲರ್ಜಿಯಾದಾಗ ರಕ್ತದಲ್ಲಿ ಏರುವ ಕಿಣ್ವ) ಪರೀಕ್ಷೆಯ ಫಲಿತಾಂಶವನ್ನು ಕೇಳಿ ಪಡೆಯಿರಿ. ಅಲರ್ಜಿ ತಜ್ಞರ ಬಳಿ ಹೋಗುವುದು ಸಾಮಾನ್ಯವಾಗಿ 4ರಿಂದ 6 ವಾರಗಳ ನಂತರ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಔಷಧದ ಅಲರ್ಜಿ’ ಎಂದು ಮೊಟಕಾಗಿ ಬರೆದಿದ್ದರೆ ಒಪ್ಪಬೇಡಿ. ಪ್ರೋಟಮಿನ್ ಎಂಬ ಹೆಸರು, ಪ್ರತಿಕ್ರಿಯೆಯ ಲಕ್ಷಣ ಮತ್ತು ದಿನಾಂಕ ಅದರಲ್ಲಿರಲಿ. ಆ ಹಾಳೆಯ ಒಂದು ಪ್ರತಿಯನ್ನು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಬರೆದುಕೊಡುವ ವೈದ್ಯರಿಗೂ ಕೊಡಿ.