ಬೇಸ್‌ಬಾಲ್ ಆಟಗಾರರ ಅಂಕಿಪಟ್ಟಿಯನ್ನು ಓದುವ ಬಗೆ

ಮೈಸೂರಿನ ಕ್ಲಬ್ ಕ್ರಿಕೆಟ್‌ಗೆ ಇಪ್ಪತ್ತು ವರ್ಷ ಸ್ಕೋರ್ ಬರೆದವನು ನಾನು. ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಮೊಮ್ಮಗ ಬೇಸ್‌ಬಾಲ್ ಆಟಗಾರರ ಅಂಕಿಪಟ್ಟಿಯನ್ನು ಮುಂದಿಟ್ಟಾಗ ಮೊದಲ ವಾರ ಏನೂ ತಲೆಗೆ ಹೋಗಲಿಲ್ಲ. ಈಗ ದಿನಕ್ಕೆ ಒಬ್ಬರ ಪಟ್ಟಿಯನ್ನಾದರೂ ಓದದಿದ್ದರೆ ಸಮಾಧಾನವಿಲ್ಲ. ಓದುವ ಕ್ರಮ ಹೀಗೆ. ಪಕ್ಕದಲ್ಲಿ ಪೆನ್ಸಿಲ್ ಇರಲಿ.

ಮೊದಲು ಕ್ರಿಕೆಟ್ಟಿನ ಸರಾಸರಿಯನ್ನು ಮರೆತುಬಿಡಿ. ಇಲ್ಲಿ ರನ್ನುಗಳ ಮಾತಿಲ್ಲ. ಔಟಾಗದೆ ಸ್ವಂತ ಹೊಡೆತದಿಂದಲೇ ಬೇಸ್ (ಓಡಿ ಮುಟ್ಟಬೇಕಾದ ನೆಲೆ) ತಲುಪಿದರೆ ಅದು ಹಿಟ್. ಹಿಟ್‌ಗಳನ್ನು ಬ್ಯಾಟಿಂಗ್ ಸರದಿಗಳಿಂದ ಭಾಗಿಸಬೇಕು. ನಾಲ್ಕು ಕೆಟ್ಟ ಎಸೆತಗಳ ಫಲವಾಗಿ ಮೊದಲ ಬೇಸ್‌ಗೆ ನಡೆದುಹೋದರೆ ಆ ಸರದಿ ಲೆಕ್ಕಕ್ಕೆ ಬರುವುದಿಲ್ಲ. ಹತ್ತರಲ್ಲಿ ಮೂರು ಸಲ ಹಿಟ್ ಬಾರಿಸಿದವರು ಒಳ್ಳೆಯ ಬ್ಯಾಟರ್. ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ ಅವರ 1941ರ ಸಾಲನ್ನು ನೀವೇ ಭಾಗಿಸಿ ನೋಡಿ: 456 ಸರದಿ, 185 ಹಿಟ್, ಅಂದರೆ 0.406. ಇನ್ನೊಂದು ಲೆಕ್ಕವನ್ನೂ ಮಾಡಿ. ಆ ಋತುವಿನ ಕೊನೆಯ ದಿನದ ಬೆಳಿಗ್ಗೆ ಅವರ ಲೆಕ್ಕ 448 ಸರದಿಗೆ 179 ಹಿಟ್, 0.39955. ಆಡದೆ ಕುಳಿತಿದ್ದರೂ ಪುಸ್ತಕದಲ್ಲಿ 0.400 ಎಂದೇ ದಾಖಲಾಗುತ್ತಿತ್ತು. ಅವರು ಅಂದಿನ ಎರಡೂ ಪಂದ್ಯಗಳನ್ನು ಆಡಿ, 8 ಸರದಿಯಲ್ಲಿ 6 ಹಿಟ್ ಬಾರಿಸಿದರು. ಸ್ಕೋರ್ ಬರೆದ ಕೈಗೆ ಇಂಥ ಲೆಕ್ಕ ಮಾಡುವಾಗ ರೋಮಾಂಚನವಾಗುತ್ತದೆ.

ಇನ್ನು ವರ್ಷಗಳ ಕಾಲಂ ಮೇಲೆ ಬೆರಳಿಟ್ಟು ಕೆಳಗಿಳಿಯಿರಿ. ಅವಸರ ಬೇಡ, ಪಟ್ಟಿಯ ಜೀವ ಇರುವುದೇ ಇಲ್ಲಿ. ವಿಲಿಯಮ್ಸ್ ಅವರ ಪಟ್ಟಿಯಲ್ಲಿ 1942 ಆದ ಮೇಲೆ 1946. ನಡುವಿನ ಮೂರು ವರ್ಷ ಅವರು ಯುದ್ಧಕಾಲದ ಸೇನಾ ಸೇವೆಯಲ್ಲಿದ್ದರು. 1952ರಲ್ಲಿ 6 ಪಂದ್ಯ, 1953ರಲ್ಲಿ 37: ಆಗ ಕೊರಿಯಾ ಯುದ್ಧದ ಪೈಲಟ್. 1942ರಲ್ಲಿ ಅವರ ಹೋಮ್ ರನ್ (ನಾಲ್ಕೂ ಬೇಸ್ ಸುತ್ತಿ ಬರುವಂಥ ಹೊಡೆತ) 36, ಮರಳಿ ಬಂದ ವರ್ಷ 38. ಬಿಟ್ಟುಹೋದ ಪ್ರತಿ ವರ್ಷಕ್ಕೂ ಅಷ್ಟಷ್ಟೇ ಹಿಡಿದು ಅಂಚಿನಲ್ಲಿ ಬರೆಯಿರಿ, ಆಮೇಲೆ ಅವರ ಒಟ್ಟು 521ನ್ನು ನೋಡಿ. ಕೇವಲ ಒಟ್ಟು ಮೊತ್ತ ನೋಡಿ ಆಟಗಾರರನ್ನು ಹೋಲಿಸುವುದು ಅನ್ಯಾಯ ಎಂದು ನಾನು ಹೇಳುವುದು ಇದಕ್ಕೇ.

ಬಳಿಕ ವಯಸ್ಸು. ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಬಂದಾಗ 28, ಸ್ಯಾಚೆಲ್ ಪೇಜ್ ಕ್ಲೀವ್‌ಲ್ಯಾಂಡ್‌ಗೆ ಬಂದಾಗ 42. ಕಪ್ಪು ಜನಾಂಗದವರಿಗೆ 1947ರವರೆಗೆ ಈ ತಂಡಗಳು ಆಡುವ ಮೇಜರ್ ಲೀಗ್‌ಗಳ, ಅಂದರೆ ಅತ್ಯುನ್ನತ ಮಟ್ಟದ ಲೀಗ್‌ಗಳ ಬಾಗಿಲು ಮುಚ್ಚಿತ್ತು. ಅವರು ಆಡಿದ ನೀಗ್ರೋ ಲೀಗ್‌ಗಳ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದ್ದು 2024ರಲ್ಲಿ. ಆದ್ದರಿಂದ ಹಳೆಯ ಪಟ್ಟಿಯಲ್ಲಿ ರಾಬಿನ್ಸನ್ ಅವರ ಮೊದಲ ಸಾಲು 1947, ಹೊಸದರಲ್ಲಿ 1945, ಕಾನ್ಸಾಸ್ ಸಿಟಿ ಮೊನಾರ್ಕ್ಸ್. ನಿಮ್ಮ ಕೈಯಲ್ಲಿರುವುದು ಯಾವುದೆಂದು ತಂಡದ ಕಾಲಂ ನೋಡಿ ತಿಳಿದುಕೊಳ್ಳಿ. ನೀಗ್ರೋ ಲೀಗ್‌ಗಳ ಋತು ಚಿಕ್ಕದು, ಪಂದ್ಯಗಳ ಸಂಖ್ಯೆಯನ್ನೂ ಗಮನಿಸಿ.

ಇಷ್ಟು ಅಭ್ಯಾಸವಾದ ಮೇಲೆ ನೀಗ್ರೋ ಲೀಗ್‌ಗಳ ಜೋಶ್ ಗಿಬ್ಸನ್ ಅವರ ಪಟ್ಟಿಯನ್ನು ತೆರೆಯಿರಿ. ವೃತ್ತಿಜೀವನದ ಸರಾಸರಿ 0.372, ಈಗ ಎಲ್ಲರಿಗಿಂತ ಮೇಲೆ. ಕೊನೆಯ ಸಾಲು 1946. ಮರುವರ್ಷ ಜನವರಿಯಲ್ಲಿ, 35ನೆಯ ವಯಸ್ಸಿನಲ್ಲಿ ತೀರಿಕೊಂಡರು. ರಾಬಿನ್ಸನ್ ಡಾಡ್ಜರ್ಸ್‌ನ ಮೈದಾನ ಎಬೆಟ್ಸ್ ಫೀಲ್ಡ್‌ಗೆ ಇಳಿದದ್ದು ಅದೇ ವರ್ಷ ಏಪ್ರಿಲ್ 15ರಂದು.