64 ಕೋರ್ ಬಿಟ್ಟು 32 ಕೋರ್ ತಗೊಂಡೆ: ವರ್ಕ್‌ಸ್ಟೇಷನ್ ಪ್ರೊಸೆಸರ್ ಆರಿಸಿದ ನನ್ನ ಅನುಭವ

ನಮ್ಮದು ಬೆಂಗಳೂರಿನಲ್ಲಿ ಒಂದು ಚಿಕ್ಕ ಆಫೀಸು. ಮನೆ, ಅಪಾರ್ಟ್‌ಮೆಂಟ್, ಹೋಟೆಲ್ ಲಾಬಿ ಕಟ್ಟುವ ಮೊದಲೇ ಹೇಗೆ ಕಾಣುತ್ತದೆ ಅಂತ ಆರ್ಕಿಟೆಕ್ಟ್‌ಗಳಿಗೆ ಚಿತ್ರ ಮಾಡಿಕೊಡುತ್ತೇವೆ. ಮಾಡೆಲ್ ಮಾಡುವುದು ತ್ರೀಡಿಎಸ್ ಮ್ಯಾಕ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ, ರೆಂಡರ್, ಅಂದರೆ ಆ ಮಾಡೆಲ್‌ನಿಂದ ಬೆಳಕು ನೆರಳು ಸಮೇತ ಚಿತ್ರ ತೆಗೆಯುವುದು, ಕೊರೋನಾದಲ್ಲಿ. ಈ ಕೊರೋನಾ ರೆಂಡರರ್ ಓಡುವುದು ಸಿಪಿಯು, ಅಂದರೆ ಪ್ರೊಸೆಸರ್ ಮೇಲೆ. ಕೊನೆಯಲ್ಲಿ ನಾಯ್ಸ್ (ಚಿತ್ರದ ಮೇಲಿನ ಚುಕ್ಕೆಗಳು) ತೆಗೆಯುವ ಹಂತ ಬಿಟ್ಟರೆ ಗ್ರಾಫಿಕ್ಸ್ ಕಾರ್ಡ್‌ಗೆ ಅಲ್ಲಿ ಹೆಚ್ಚು ಕೆಲಸ ಇಲ್ಲ. ಹಾಗಾಗಿ ನಮ್ಮ ಪಾಲಿಗೆ ಪ್ರೊಸೆಸರ್ ಅಂದರೆ ಅನ್ನದ ಪ್ರಶ್ನೆ. ಅದರೊಳಗೆ ಒಂದೇ ಹೊತ್ತಿಗೆ ಬೇರೆ ಬೇರೆ ದುಡಿಯುವ ಘಟಕಗಳೇ ಕೋರ್‌ಗಳು.

2024ರಲ್ಲಿ ಮುಖ್ಯ ಮಷಿನ್ ಬದಲಿಸಬೇಕಾಯಿತು. ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಮಾತು. "ಸರ್, ದುಡ್ಡಿದ್ರೆ 64 ಕೋರ್ ತಗೊಳ್ಳಿ, ಐದು ವರ್ಷ ಯೋಚನೆ ಇಲ್ಲ." ದುಡ್ಡು ಹೇಗೋ ಹೊಂದಿಸಬಹುದಿತ್ತು. ಆದರೆ ಆ ದುಡ್ಡು ನಮ್ಮ ಕೆಲಸದ ಯಾವ ಹೊತ್ತನ್ನು ಉಳಿಸುತ್ತದೆ ಅಂತ ಗೊತ್ತಾಗದೆ ಕೊಡುವುದಕ್ಕೆ ಮನಸ್ಸು ಬರಲಿಲ್ಲ.

ಅದಕ್ಕೆ ಬೆಂಚ್‌ಮಾರ್ಕ್ (ವೇಗ ಪರೀಕ್ಷೆ) ಪಟ್ಟಿ ನೋಡುವ ಮೊದಲು ನಮ್ಮದೇ ಫೈಲ್‌ಗಳನ್ನು ನೋಡಿದೆ. ಕೊರೋನಾದಲ್ಲಿ ಚಿತ್ರ ಮೂಡುವ ಕಿಟಕಿಯಾದ ಫ್ರೇಮ್ ಬಫರ್‌ನಲ್ಲಿ ಸ್ಟ್ಯಾಟ್ಸ್ ಅಂತ ಒಂದು ಟ್ಯಾಬ್ ಇದೆ. ಸೀನ್ ಓದುವುದಕ್ಕೆ ಎಷ್ಟು ಹೊತ್ತು, ಜಾಮೆಟ್ರಿ ತಯಾರಿಗೆ ಎಷ್ಟು, ನಿಜವಾದ ರೆಂಡರಿಂಗ್‌ಗೆ ಎಷ್ಟು ಅಂತ ಅಲ್ಲಿ ಬೇರೆ ಬೇರೆಯಾಗಿ ಬರುತ್ತದೆ. ಅದನ್ನು ಗಮನಿಸುವವರು ಕಡಿಮೆ. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿದರೆ ಒಂದೊಂದು ಥ್ರೆಡ್‌ಗೂ (ಕೋರ್ ನಡೆಸುವ ಕೆಲಸದ ಸಾಲು, ಈ ಚಿಪ್‌ಗಳಲ್ಲಿ ಒಂದು ಕೋರ್‌ಗೆ ಎರಡು) ಒಂದೊಂದು ಚೌಕ ಕಾಣುತ್ತದೆ. ತೋಟ, ಮರಗಿಡ, ಸ್ಕ್ಯಾಟರ್ (ಒಂದೇ ವಸ್ತುವನ್ನು ಸಾವಿರಾರು ಕಡೆ ಹರಡುವುದು) ಎಲ್ಲಾ ಇರುವ ಒಂದು ವಿಲ್ಲಾ ಫೈಲ್‌ಗೆ ರೆಂಡರ್ ಕೊಟ್ಟು ನೋಡಿದೆ. ಮೊದಲು ಸುಮಾರು ಹೊತ್ತು ಒಂದೆರಡು ಚೌಕ ಮಾತ್ರ ತುಂಬಿರುತ್ತದೆ, ಉಳಿದವು ಸುಮ್ನೆ ಚಪ್ಪಟೆ. ಆಮೇಲೆ ಒಮ್ಮೆಲೇ ಎಲ್ಲಾ ಚೌಕಗಳೂ ಮೇಲಿನವರೆಗೆ ತುಂಬುತ್ತವೆ. ಆ ಮೊದಲ ಭಾಗಕ್ಕೆ ಬೇಕಾಗಿರುವುದು ಗಿಗಾಹರ್ಟ್ಸ್, ಅಂದರೆ ಒಂದೊಂದು ಕೋರ್‌ನ ವೇಗ, ಎರಡನೆಯದಕ್ಕೆ ಕೋರ್‌ಗಳು. ಮ್ಯಾಕ್ಸ್‌ನಲ್ಲಿ ಮಾಡಿಫೈಯರ್ (ಆಕಾರ ಬದಲಿಸುವ ಸಾಧನ) ಹಾಕುವುದು, ದೊಡ್ಡ ಫೈಲ್ ತೆರೆಯುವುದು, ವ್ಯೂಪೋರ್ಟ್ (ಮಾಡೆಲ್ ಕಾಣುವ ಕಿಟಕಿ) ತಿರುಗಿಸುವುದು, ಇವೂ ಹೆಚ್ಚಿನ ಮಟ್ಟಿಗೆ ಒಂದು ಕೋರ್‌ನ ಕೆಲಸವೇ. ಹಗಲೆಲ್ಲ ನಾವು ಮಾಡುವುದು ಅದನ್ನೇ.

ಈಗ ಲೆಕ್ಕಕ್ಕೆ ಬರೋಣ. ಎಎಂಡಿ ಕಂಪನಿಯ ವರ್ಕ್‌ಸ್ಟೇಷನ್ ಪ್ರೊಸೆಸರ್ ಥ್ರೆಡ್‌ರಿಪ್ಪರ್ 7000 ಸರಣಿ 2023ರ ನವೆಂಬರ್‌ನಲ್ಲಿ ಬಂತು. 7960ಎಕ್ಸ್‌ನಲ್ಲಿ 24 ಕೋರ್, 7970ಎಕ್ಸ್‌ನಲ್ಲಿ 32, 7980ಎಕ್ಸ್‌ನಲ್ಲಿ 64. ಬಿಡುಗಡೆ ಬೆಲೆ ಕ್ರಮವಾಗಿ 1499, 2499, 4999 ಡಾಲರ್. ನಮ್ಮಲ್ಲಿ ಇದರ ಮೇಲೆ 18% ಜಿಎಸ್‌ಟಿ ಬೀಳುತ್ತದೆ. ಗಮನಿಸಬೇಕಾದ ವಿಷಯ ಏನೆಂದರೆ ಮೂರಕ್ಕೂ ವಿದ್ಯುತ್ ಮಿತಿ ಒಂದೇ, 350 ವ್ಯಾಟ್. 32 ಕೋರ್ ಇದ್ದರೆ ಒಂದೊಂದಕ್ಕೆ ಸುಮಾರು 11 ವ್ಯಾಟ್ ಸಿಗುತ್ತದೆ, 64 ಇದ್ದರೆ ಐದೂವರೆ. ಹಾಗಾಗಿ ಎಲ್ಲಾ ಕೋರ್ ಒಟ್ಟಿಗೆ ದುಡಿಯುವಾಗ ದೊಡ್ಡ ಚಿಪ್ ನಿಧಾನಕ್ಕೆ ಓಡಲೇಬೇಕು. ಬೇಸ್ ಕ್ಲಾಕ್, ಅಂದರೆ ಕಂಪನಿ ಹೇಳುವ ಮೂಲ ವೇಗ ನೋಡಿ: 7970ಎಕ್ಸ್‌ಗೆ 4.0 ಗಿಗಾಹರ್ಟ್ಸ್, 7980ಎಕ್ಸ್‌ಗೆ 3.2. ಕೋರ್ ಸಂಖ್ಯೆಯಿಂದ ಗುಣಿಸಿದರೆ 128 ಮತ್ತು 204.8. ಅಂದರೆ ಎರಡರಷ್ಟು ಬೆಲೆ ಕೊಟ್ಟರೆ ಸಿಗುವುದು ಒಂದೂ ಮುಕ್ಕಾಲಿಗಿಂತ ಕಡಿಮೆ, ಹತ್ತಿರ ಹತ್ತಿರ 1.6 ಪಟ್ಟು. ನಿಜವಾಗಿ ಓಡುವಾಗ ಎರಡೂ ಇದಕ್ಕಿಂತ ಜೋರಾಗಿಯೇ ಓಡುತ್ತವೆ, ಆದರೆ ಅಂದಾಜಿಗೆ ಈ ಲೆಕ್ಕ ಸಾಕು.

ಆ 1.6 ಪಟ್ಟು ಕೂಡ ರೆಂಡರಿಂಗ್ ಭಾಗಕ್ಕೆ ಮಾತ್ರ. ಒಂದು ಉದಾಹರಣೆ ತಗೊಳ್ಳಿ. ತಯಾರಿಗೆ 6 ನಿಮಿಷ, ರೆಂಡರ್‌ಗೆ 24 ನಿಮಿಷ, ಒಟ್ಟು ಅರ್ಧ ಗಂಟೆ ಅಂತಿಟ್ಟುಕೊಳ್ಳಿ. 64 ಕೋರ್ ಹಾಕಿದರೆ 24 ಹೋಗಿ 15 ಆಗುತ್ತದೆ, 6 ಮಾತ್ರ 6 ಆಗಿಯೇ ಉಳಿಯುತ್ತದೆ. ಒಟ್ಟು 21. ಈಗ ಹಗಲಿನಲ್ಲಿ ಕ್ಲೈಂಟ್ ಫೋನ್‌ನಲ್ಲಿ ಕಾಯುತ್ತಿರುವಾಗ ಕೊಡುವ ಚಿಕ್ಕ ಡ್ರಾಫ್ಟ್ ನೋಡಿ. ತಯಾರಿ 3, ರೆಂಡರ್ 3, ಒಟ್ಟು 6 ನಿಮಿಷ. ದೊಡ್ಡ ಚಿಪ್‌ನಲ್ಲಿ ಅದು ಐದಕ್ಕೆ ಇಳಿಯುತ್ತದೆ ಅಷ್ಟೇ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ನಿಯಮ ಇದು: ಕೆಲಸದಲ್ಲಿ ಹಂಚಲಾಗದ ಭಾಗ 5% ಇದ್ದರೂ, ಎಷ್ಟೇ ಕೋರ್ ಹಾಕಿದರೂ ವೇಗ 20 ಪಟ್ಟು ದಾಟುವುದಿಲ್ಲ. 32 ಕೋರ್‌ಗೆ ಸುಮಾರು ಹನ್ನೆರಡೂವರೆ ಪಟ್ಟು, 64ಕ್ಕೆ ಹದಿನೈದೂವರೆ. ಕ್ಲಾಕ್ ಕಡಿಮೆಯಾಗುವುದನ್ನು ಲೆಕ್ಕಕ್ಕೆ ತಗೊಳ್ಳದೇ ಇಷ್ಟು.

ಇನ್ನೊಂದು ವಿಷಯ ವಿಂಡೋಸ್‌ನದ್ದು. ವಿಂಡೋಸ್ ಥ್ರೆಡ್‌ಗಳನ್ನು 64ರ ಗುಂಪುಗಳಾಗಿ ಮಾಡಿ ಇಟ್ಟುಕೊಳ್ಳುತ್ತದೆ. 32 ಕೋರ್ ಅಂದರೆ ಸರಿಯಾಗಿ 64 ಥ್ರೆಡ್, ಒಂದೇ ಗುಂಪು. 64 ಕೋರ್‌ಗೆ 128 ಥ್ರೆಡ್, ಎರಡು ಗುಂಪು. ವಿಂಡೋಸ್ 11 ಬಂದ ಮೇಲೆ ಪ್ರೋಗ್ರಾಂಗಳು ತಾವಾಗಿಯೇ ಎರಡೂ ಗುಂಪಿಗೆ ಹರಡಿಕೊಳ್ಳುತ್ತವೆ. ಅದಕ್ಕೂ ಮೊದಲು ಹಾಗಿರಲಿಲ್ಲ, ಪ್ರೋಗ್ರಾಂ ಬರೆದವರೇ ಅದನ್ನು ನೋಡಿಕೊಳ್ಳಬೇಕಿತ್ತು. ಕೊರೋನಾದಂಥ ರೆಂಡರರ್‌ಗಳಿಗೆ ಇದು ತೊಂದರೆ ಅಲ್ಲ. ಆದರೆ ನಾವು ಬಳಸುವ ಹಳೇ ಪ್ಲಗಿನ್‌ಗಳ ಬಗ್ಗೆ ನನಗೆ ಅಷ್ಟು ಧೈರ್ಯ ಇರಲಿಲ್ಲ. ಒಂದೇ ಗುಂಪಿನಲ್ಲಿ ಮುಗಿಯುತ್ತದೆ ಅನ್ನುವುದು 7970ಎಕ್ಸ್ ಪರವಾಗಿ ನನಗೆ ದೊಡ್ಡ ಕಾರಣವಾಯಿತು.

ಹಾಗಾದರೆ ಎಎಂಡಿಯದೇ ಮಾಮೂಲಿ ಡೆಸ್ಕ್‌ಟಾಪ್ ಚಿಪ್, 16 ಕೋರ್‌ನ ರೈಜನ್ 9 7950ಎಕ್ಸ್ ಯಾಕೆ ಬೇಡ? ಇದು ನ್ಯಾಯವಾದ ಪ್ರಶ್ನೆ. 16 ಕೋರ್, 4.5 ಬೇಸ್, ಗುಣಿಸಿದರೆ 72. ಬಿಡುಗಡೆ ಬೆಲೆ 699 ಡಾಲರ್. ಎರಡು ತಗೊಂಡರೆ 144, ಅಂದರೆ ಬರೀ ರೆಂಡರಿಂಗ್ ಶಕ್ತಿ ನೋಡಿದರೆ ಒಂದು 7970ಎಕ್ಸ್‌ಗಿಂತ ಜಾಸ್ತಿ, ಬೆಲೆ ಕಡಿಮೆ. ಮದರ್‌ಬೋರ್ಡ್ ಕೂಡ ಎಷ್ಟೋ ಅಗ್ಗ. ಬರೀ ರಾತ್ರಿ ರೆಂಡರ್ ಓಡಿಸುವ ಮಷಿನ್ ಬೇಕಾದರೆ ನಾನು ಇವತ್ತಿಗೂ ಇದನ್ನೇ ತಗೊಳ್ಳಿ ಅನ್ನುತ್ತೇನೆ, ನಮ್ಮಲ್ಲೂ ಉಳಿದ ಸೀಟುಗಳಲ್ಲಿ ಇರುವುದು ಇದೇ.

ತೊಡಕು ಇರುವುದು ರ‍್ಯಾಮ್‌ನಲ್ಲಿ. ಆ ಪ್ಲಾಟ್‌ಫಾರ್ಮ್‌ಗೆ ಮೆಮೊರಿ ಚಾನಲ್, ಅಂದರೆ ಪ್ರೊಸೆಸರ್‌ಗೂ ರ‍್ಯಾಮ್‌ಗೂ ನಡುವಿನ ದಾರಿ, ಎರಡೇ. ನಾಲ್ಕು ಸ್ಲಾಟ್‌ಗೂ ಡಿಡಿಆರ್5 ರ‍್ಯಾಮ್ ಹಾಕಿದರೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ 5200ರಿಂದ 3600ಕ್ಕೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಓಡಿಸುವವರು ಇದ್ದಾರೆ, ಆದರೆ ಡೆಲಿವರಿ ಇರುವ ರಾತ್ರಿ ಮಷಿನ್ ಕೈ ಕೊಟ್ಟರೆ ಯಾರು ಹೊಣೆ? ಡಿಸ್ಟ್ರಿಬ್ಯೂಟೆಡ್ ರೆಂಡರಿಂಗ್ (ಒಂದೇ ಚಿತ್ರದ ಕೆಲಸವನ್ನು ಹಲವು ಮಷಿನ್‌ಗೆ ಹಂಚುವುದು) ಮಾಡಿದರೂ ಒಂದೊಂದು ಮಷಿನ್ ಇಡೀ ಸೀನ್ ಅನ್ನು ತನ್ನ ರ‍್ಯಾಮ್‌ಗೆ ತುಂಬಿಕೊಳ್ಳಬೇಕು. ಅರ್ಧ ಮೆಮೊರಿ ಇಲ್ಲಿ, ಅರ್ಧ ಅಲ್ಲಿ ಅಂತ ಹಂಚುವುದಕ್ಕೆ ಆಗುವುದಿಲ್ಲ. ಡಿಸ್‌ಪ್ಲೇಸ್‌ಮೆಂಟ್ (ಮೇಲ್ಮೈಯ ಉಬ್ಬುತಗ್ಗು), ದೊಡ್ಡ ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ), ಹೋರ್ಡಿಂಗ್‌ಗೆ ಬೇಕಾದ ದೊಡ್ಡ ರೆಸಲ್ಯೂಷನ್ ಎಲ್ಲಾ ಸೇರಿದರೆ ನಮ್ಮ ಫೈಲ್‌ಗಳು 128 ಜಿಬಿಯನ್ನು ಸಲೀಸಾಗಿ ನುಂಗುತ್ತವೆ. ಥ್ರೆಡ್‌ರಿಪ್ಪರ್ 7000ಕ್ಕೆ ನಾಲ್ಕು ಚಾನಲ್, 1 ಟಿಬಿವರೆಗೆ ಮೆಮೊರಿ, ಇಸಿಸಿ (ಮೆಮೊರಿಯ ತಪ್ಪು ತಿದ್ದುವ ವ್ಯವಸ್ಥೆ) ಇರುವ ಆರ್‌ಡಿಮ್ ಅನ್ನುವ ಸರ್ವರ್ ಮಾದರಿಯ ರ‍್ಯಾಮ್. ಮಾಮೂಲಿ ಪಿಸಿಯ ರ‍್ಯಾಮ್ ಇದಕ್ಕೆ ಕೂರುವುದಿಲ್ಲ, ಹಳೇ ಕಡ್ಡಿ ತೆಗೆದು ಹಾಕೋಣ ಅಂದುಕೊಂಡವರು ಇದನ್ನು ಮೊದಲೇ ತಿಳಿದಿರಬೇಕು. ಕೊಟೇಶನ್ ತರಿಸುವಾಗ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಕೇಳಿ. ಚಿಪ್ ಬೆಲೆ ಮಾತ್ರ ನೋಡಿದರೆ ಅರ್ಧ ಕಥೆ.

ಇಂಟೆಲ್ ಕಡೆ 2023ರಲ್ಲಿ ಬಂದ ಜಿಯಾನ್ ಡಬ್ಲ್ಯು9-3495ಎಕ್ಸ್ ಇತ್ತು. 56 ಕೋರ್, ಎಂಟು ಮೆಮೊರಿ ಚಾನಲ್, ಕಾರ್ಡ್‌ಗಳನ್ನು ಜೋಡಿಸುವುದಕ್ಕೆ 112 ಪಿಸಿಐಇ 5.0 ಲೇನ್, 4 ಟಿಬಿವರೆಗೆ ರ‍್ಯಾಮ್, ಬಿಡುಗಡೆ ಬೆಲೆ 5889 ಡಾಲರ್. ಒಳ್ಳೆಯ ಪ್ಲಾಟ್‌ಫಾರ್ಮ್. ಇದರ ಬೇಸ್ ಕ್ಲಾಕ್ 1.9 ಅಂತ ನೋಡಿ ಹೆದರಬೇಕಿಲ್ಲ, ಎರಡು ಕಂಪನಿಗಳ ಬೇಸ್ ಕ್ಲಾಕ್‌ಗಳನ್ನು ಪಕ್ಕಪಕ್ಕ ಇಟ್ಟು ಗುಣಿಸುವುದು ಸರಿಯಲ್ಲ. ಆದರೂ ಪ್ರಕಟವಾದ ರೆಂಡರಿಂಗ್ ಫಲಿತಾಂಶಗಳಲ್ಲಿ ಅದೇ ಬೆಲೆಯ ಆಸುಪಾಸಿನ 7980ಎಕ್ಸ್ ಸ್ಪಷ್ಟವಾಗಿ ಮುಂದಿತ್ತು. ಎಂಟು ಚಾನಲ್ ನಮ್ಮ ಕೆಲಸಕ್ಕೆ ಬೇಕಿರಲಿಲ್ಲ. ಓಪನ್‌ಫೋಮ್‌ನಲ್ಲಿ ಗಾಳಿಯ ಹರಿವು ಲೆಕ್ಕ ಹಾಕುವವರಿಗೆ ಮಾತ್ರ ಅದೇ ಮುಖ್ಯ. ಅಲ್ಲಿ ಕೋರ್‌ಗಳು ಡೇಟಾ ಬರಲಿ ಅಂತ ಕಾಯುತ್ತಾ ಕೂರುತ್ತವೆ. ಡಿಡಿಆರ್5-5200 ನಾಲ್ಕು ಚಾನಲ್‌ನಲ್ಲಿ ಸೆಕೆಂಡಿಗೆ 166.4 ಜಿಬಿ ಹರಿದರೆ, ಎಂಟರಲ್ಲಿ 332.8. ಅಂಥವರು ಥ್ರೆಡ್‌ರಿಪ್ಪರ್ ಪ್ರೋ, ಜಿಯಾನ್, ಎಎಂಡಿಯ ಸರ್ವರ್ ಚಿಪ್ ಎಪಿಕ್ ನೋಡಬೇಕು. 7980ಎಕ್ಸ್‌ನ 64 ಕೋರ್‌ಗಳಿಗೆ ನಾಲ್ಕು ಚಾನಲ್ ಸಾಲುವುದಿಲ್ಲ.

ಮದುವೆ ವಿಡಿಯೊ ಎಡಿಟ್ ಮಾಡುವ ಗೆಳೆಯನೊಬ್ಬ ನನ್ನ ಲೆಕ್ಕ ನೋಡಿ ತಾನೂ ಥ್ರೆಡ್‌ರಿಪ್ಪರ್ ತಗೊಳ್ಳುತ್ತೇನೆ ಅಂದ. ಬೇಡವೇ ಬೇಡ ಅಂದೆ. ಈಗಿನ ಕ್ಯಾಮೆರಾಗಳು ಕೊಡುವ, ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಎಚ್.265 ವಿಡಿಯೊ ಫೈಲ್‌ಗಳನ್ನು ಟೈಮ್‌ಲೈನ್‌ನಲ್ಲಿ ಸಲೀಸಾಗಿ ಓಡಿಸಬೇಕಾದರೆ ಅದನ್ನು ಡಿಕೋಡ್ ಮಾಡುವ, ಅಂದರೆ ಬಿಚ್ಚಿ ಓದುವ ಹಾರ್ಡ್‌ವೇರ್ ಬೇಕು. ಇಂಟೆಲ್‌ನ ಮಾಮೂಲಿ ಡೆಸ್ಕ್‌ಟಾಪ್ ಚಿಪ್‌ಗಳ ಒಳಗಿನ ಕ್ವಿಕ್ ಸಿಂಕ್‌ನಲ್ಲಿ ಅದಿದೆ. ಥ್ರೆಡ್‌ರಿಪ್ಪರ್‌ನಲ್ಲಿ ಗ್ರಾಫಿಕ್ಸೇ ಇಲ್ಲ. ಎನ್‌ವಿಡಿಯಾ ಕಾರ್ಡ್‌ಗಳಲ್ಲೂ 50 ಸರಣಿ ಬರುವವರೆಗೆ 4:2:2 ಡಿಕೋಡ್ ಇರಲಿಲ್ಲ. ಎಷ್ಟೋ ಪಟ್ಟು ದುಡ್ಡು ಕೊಟ್ಟು ಟೈಮ್‌ಲೈನ್ ತಡವರಿಸುವುದನ್ನು ನೋಡಬೇಕಾಗುತ್ತಿತ್ತು. ಒಂದು ಎಚ್ಚರಿಕೆಯನ್ನೂ ಹೇಳಿದೆ. ಇಂಟೆಲ್ 13, 14ನೇ ತಲೆಮಾರಿನ ಚಿಪ್‌ಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಕೆಡುವ ಸಮಸ್ಯೆಯನ್ನು ಇಂಟೆಲ್ ತಾನೇ ಒಪ್ಪಿಕೊಂಡು, 2024ರ ಆಗಸ್ಟ್‌ನಲ್ಲಿ 0ಎಕ್ಸ್129 ಮೈಕ್ರೋಕೋಡ್ (ಚಿಪ್‌ನ ಒಳಗಿನ ಆದೇಶಗಳ ತಿದ್ದುಪಡಿ) ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಂಥ ಚಿಪ್ ತಗೊಂಡರೆ ಮೊದಲು ಬಯೋಸ್ (ಬೋರ್ಡ್‌ನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್, ಆಮೇಲೆ ವಿಂಡೋಸ್. ಮ್ಯಾಕ್ ಸ್ಟುಡಿಯೊ ಕೂಡ ಅವನಿಗೆ ಒಗ್ಗುತ್ತಿತ್ತು. ನಮಗೆ ಆ ದಾರಿ ಇಲ್ಲ, ತ್ರೀಡಿಎಸ್ ಮ್ಯಾಕ್ಸ್ ಮ್ಯಾಕ್‌ಓಎಸ್‌ಗೆ ಬರುವುದೇ ಇಲ್ಲ.

ಕೊನೆಗೆ 7970ಎಕ್ಸ್ ತಗೊಂಡು ನಾನೇ ಜೋಡಿಸಿದೆ. ಡಬ್ಬದ ಒಳಗೇ ಒಂದು ಟಾರ್ಕ್ ಸ್ಕ್ರೂಡ್ರೈವರ್ ಕೊಡುತ್ತಾರೆ, ಅದನ್ನು ಬಿಟ್ಟು ಬೇರೆ ಬಳಸಬೇಡಿ. ಚಿಪ್ಪನ್ನು ಅದರ ಪ್ಲಾಸ್ಟಿಕ್ ಚೌಕಟ್ಟಿನ ಸಮೇತ ಹಳಿಯೊಳಗೆ ಜಾರಿಸಿ, ಮುಚ್ಚಳ ಇಳಿಸಿ, ಮೂರು ಸ್ಕ್ರೂಗಳನ್ನು ಅವುಗಳ ಪಕ್ಕ ಬರೆದಿರುವ 1, 2, 3ರ ಕ್ರಮದಲ್ಲೇ ಟಿಕ್ ಅನ್ನುವವರೆಗೆ ತಿರುಗಿಸಬೇಕು. ಕ್ರಮ ತಪ್ಪಿದರೆ ಒತ್ತಡ ಒಂದು ಕಡೆ ವಾಲಿ ಕೆಲವು ಪಿನ್ ಸರಿಯಾಗಿ ತಾಗುವುದಿಲ್ಲ, ಮೆಮೊರಿಯ ಒಂದು ಚಾನಲ್ಲೇ ಕಾಣದೇ ಹೋಗಬಹುದು. ಮೊದಲ ಸಲ ಆನ್ ಮಾಡಿದಾಗ ಸ್ಕ್ರೀನ್ ಹಲವು ನಿಮಿಷ ಕಪ್ಪಾಗಿಯೇ ಇರುತ್ತದೆ. ಅದು ಮೆಮೊರಿ ಟ್ರೈನಿಂಗ್. ಬೋರ್ಡ್ ಒಂದೊಂದು ರ‍್ಯಾಮ್ ಕಡ್ಡಿಗೂ ಸರಿಯಾದ ಟೈಮಿಂಗ್ ಹುಡುಕುತ್ತಿರುತ್ತದೆ. ಕೆಟ್ಟಿದೆ ಅಂತ ಗಾಬರಿಯಾಗಿ ಪವರ್ ತೆಗೆಯಬಾರದು, ಬೋರ್ಡ್ ಮೇಲಿನ ಕೋಡ್ ಬದಲಾಗುತ್ತಿದೆಯಾ ನೋಡಿ, ಕಾಯಿರಿ.

ಕರೆಂಟ್ ಬಗ್ಗೆಯೂ ಹೇಳಲೇಬೇಕು. ಪ್ರೊಸೆಸರ್‌ಗೆ 350 ವ್ಯಾಟ್, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೆ 450. ಮನೆ ಪಿಸಿಗೆ ಇಡುವ 600 ವಿಎ ಯುಪಿಎಸ್ ಇದನ್ನು ಹೊರುವುದಿಲ್ಲ. ಕರೆಂಟ್ ಹೋದ ಕ್ಷಣವೇ ಅದೂ ಆಫ್ ಆಗುತ್ತದೆ. ನಾವು 2 ಕೆವಿಎ ಆನ್‌ಲೈನ್ ಯುಪಿಎಸ್ ಹಾಕಿಸಿದೆವು. ಎಳೆದ ಕರೆಂಟ್ ಎಲ್ಲಾ ಕೊನೆಗೆ ಕೋಣೆಯಲ್ಲಿ ಬಿಸಿಯಾಗಿಯೇ ಉಳಿಯುವುದರಿಂದ ಏಪ್ರಿಲ್‌ನಲ್ಲಿ ಎಸಿ ಇಲ್ಲದೆ ಆ ಕೋಣೆಯಲ್ಲಿ ಕೂರಲಾಗುವುದಿಲ್ಲ. ಈ ಖರ್ಚನ್ನೂ ಕೊಟೇಶನ್‌ಗೆ ಸೇರಿಸಿಯೇ ಹೋಲಿಸಿ.

ಈಗ ಕೆಲಸ ನಡೆಯುವುದು ಹೀಗೆ. ಹಗಲು ಇಂಟರ್‌ಆಕ್ಟಿವ್ ರೆಂಡರ್ (ಬದಲಿಸಿದ್ದನ್ನು ಆಗಲೇ ತೋರಿಸುವುದು) ಓಡುವಾಗ ಕೊರೋನಾದ ಥ್ರೆಡ್ ಮಿತಿಯನ್ನು ಸ್ವಲ್ಪ ಇಳಿಸುತ್ತೇನೆ. ನಾಲ್ಕಾರು ಥ್ರೆಡ್ ಮ್ಯಾಕ್ಸ್‌ಗೆ ಬಿಟ್ಟರೆ ವ್ಯೂಪೋರ್ಟ್ ತಡವರಿಸುವುದಿಲ್ಲ. ರಾತ್ರಿ ಎಲ್ಲಾ ಥ್ರೆಡ್ ಬಿಟ್ಟು, ಸಣ್ಣ ಸೀನ್ ಆದರೆ ಪಕ್ಕದ ಸೀಟುಗಳ 7950ಎಕ್ಸ್‌ಗಳನ್ನೂ ಸೇರಿಸಿಕೊಳ್ಳುತ್ತೇವೆ.

2025ರ ಜುಲೈನಲ್ಲಿ ಥ್ರೆಡ್‌ರಿಪ್ಪರ್ 9000 ಸರಣಿ ಬಂತು. ಅದೇ ಸಾಕೆಟ್ (ಬೋರ್ಡ್ ಮೇಲೆ ಚಿಪ್ ಕೂರುವ ಜಾಗ), ಬಯೋಸ್ ಅಪ್‌ಡೇಟ್ ಮಾಡಿದರೆ ನಮ್ಮ ಬೋರ್ಡ್‌ಗೇ ಕೂರುತ್ತದೆ. 3000 ಸರಣಿಯ ಬೋರ್ಡ್ ತಗೊಂಡವರಿಗೆ ಈ ಭಾಗ್ಯ ಇರಲಿಲ್ಲ, ಆ ಸಾಕೆಟ್ ಒಂದೇ ತಲೆಮಾರಿಗೆ ಮುಗಿಯಿತು. ಹೊಸ ಸರಣಿಯ ದೊಡ್ಡ ಚಿಪ್ 9980ಎಕ್ಸ್ ಹಾಕಿಸಿ ಅಂತ ಅಂಗಡಿಯವರು ಮತ್ತೆ ಕೇಳುತ್ತಿದ್ದಾರೆ. ಸದ್ಯಕ್ಕೆ ಇಲ್ಲ. ಸ್ಟ್ಯಾಟ್ಸ್ ಟ್ಯಾಬ್ ಈಗಲೂ ನೋಡುತ್ತಿರುತ್ತೇನೆ. ನಮ್ಮ ದೊಡ್ಡ ಫೈಲ್‌ಗಳು ಈಗ ಸಿಕ್ಕಿಕೊಳ್ಳುತ್ತಿರುವುದು ರ‍್ಯಾಮ್ ತುಂಬಿದಾಗ, ಹಾಗಾಗಿ ಮುಂದಿನ ದುಡ್ಡು 256 ಜಿಬಿಗೆ.